ಸೇವ್ ಬಟನ್ ಮೇಲಿರುವ ಫ್ಲಾಪಿಯನ್ನು ಕಂಡುಹಿಡಿದದ್ದು ಯಾರು? ಅಲನ್ ಶುಗಾರ್ಟ್ ಅವರ ಏಳುಬೀಳಿನ ಕಥೆ

ಕಂಪ್ಯೂಟರಿನಲ್ಲಿ ಏನಾದರೂ ಬರೆದು ಸೇವ್ ಮಾಡಲು ಒತ್ತುವ ಗುಂಡಿಯ ಮೇಲೆ ಒಂದು ಪುಟ್ಟ ಚೌಕದ ಚಿತ್ರ ಇರುತ್ತದಲ್ಲ, ಅದು ಫ್ಲಾಪಿ ಡಿಸ್ಕ್. ಈಗಿನ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕೈಯಲ್ಲಿ ಹಿಡಿದೇ ಇಲ್ಲ. ಆದರೆ ಅದರ ಬಗ್ಗೆ ಫಾರ್ವರ್ಡ್ ಮೆಸೇಜುಗಳಿಗೇನೂ ಕೊರತೆಯಿಲ್ಲ. ಅಲನ್ ಶುಗಾರ್ಟ್ ಎಂಬ ಒಬ್ಬರೇ ಕೂತು ಫ್ಲಾಪಿಯನ್ನು ಕಂಡುಹಿಡಿದರು ಎನ್ನುವುದು ಒಂದು. ಬಾರಿನಲ್ಲಿ ಕೈ ಒರೆಸುವ ಪೇಪರ್ ನ್ಯಾಪ್ಕಿನ್ ನೋಡಿ ಅದರ ಅಳತೆ ಗೊತ್ತುಮಾಡಿದರು ಎನ್ನುವುದು ಇನ್ನೊಂದು. ಜನರು ತಮ್ಮ ಫೈಲುಗಳನ್ನು ಸೇವ್ ಮಾಡಿಕೊಳ್ಳಲಿ ಎಂದೇ ಅದನ್ನು ತಯಾರಿಸಿದರು ಎನ್ನುವುದು ಮತ್ತೊಂದು.

ಈ ಮೂರೂ ಪೂರ್ತಿ ನಿಜವಲ್ಲ. ಮೂರನೆಯದಂತೂ ತಲೆಕೆಳಗಾದ ಮಾತು. ಮೊದಲ ಫ್ಲಾಪಿಯಲ್ಲಿ ಬಳಕೆದಾರರು ಏನನ್ನೂ ಸೇವ್ ಮಾಡಲು ಸಾಧ್ಯವೇ ಇರಲಿಲ್ಲ. ಅದು ಓದಲಿಕ್ಕೆ ಮಾತ್ರ ಇದ್ದ ಡಿಸ್ಕ್. ಹಾಗಾದರೆ ಅದನ್ನು ಮಾಡಿದ್ದೇಕೆ? ಅದರಲ್ಲಿ ಶುಗಾರ್ಟ್ ಅವರ ಪಾಲೆಷ್ಟು? ನೋಡೋಣ ಬನ್ನಿ.

ರಿಪೇರಿ ಕೆಲಸದಿಂದ ಶುರು

ಅಲನ್ ಶುಗಾರ್ಟ್ ಹುಟ್ಟಿದ್ದು 1930ರ ಸೆಪ್ಟೆಂಬರ್ 27ರಂದು, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಯೂನಿವರ್ಸಿಟಿ ಆಫ್ ರೆಡ್‌ಲ್ಯಾಂಡ್ಸ್‌ನಲ್ಲಿ ಎಂಜಿನಿಯರಿಂಗ್ ಫಿಸಿಕ್ಸ್ ಓದಿ 1951ರಲ್ಲಿ ಪದವಿ ಪಡೆದರು. ಪದವಿ ಕೈಗೆ ಬಂದ ಬೆನ್ನಿಗೇ ಐಬಿಎಂ ಕಂಪನಿಗೆ ಸೇರಿದರು. ಸೇರಿದ್ದು ದೊಡ್ಡ ಲ್ಯಾಬಿಗಲ್ಲ. ಕಚೇರಿಗಳಿಗೆ ಹೋಗಿ ಕೆಟ್ಟುಹೋದ ಲೆಕ್ಕಪತ್ರದ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸಕ್ಕೆ.

ಇದನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ಗ್ರಾಹಕರ ಜಾಗಕ್ಕೆ ಹೋಗಿ ಯಂತ್ರ ಬಿಚ್ಚುವವರ ಕಷ್ಟ ಏನೆಂಬುದು ಶುಗಾರ್ಟ್ ಅವರಿಗೆ ಮೊದಲಿನಿಂದಲೇ ಗೊತ್ತಿತ್ತು. ಮುಂದೆ ಫ್ಲಾಪಿ ಹುಟ್ಟಿದ್ದು ಇಂಥದೇ ಕಷ್ಟವನ್ನು ತಪ್ಪಿಸಲು.

1955ರಲ್ಲಿ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಲ್ಯಾಬಿಗೆ ಬಂದರು. ಅಲ್ಲಿ ಆಗ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಕೆಲಸ ನಡೆಯುತ್ತಿತ್ತು. 1956ರಲ್ಲಿ ಹೊರಬಂದ ಆ ಯಂತ್ರದ ಹೆಸರು ರಾಮ್ಯಾಕ್. 24 ಇಂಚು ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ, ಸುಮಾರು ಒಂದು ಟನ್ ತೂಗುವ ಬೀರುವಿನಂಥ ವಸ್ತು. ಅಷ್ಟು ದೊಡ್ಡದರಲ್ಲಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಒಂದೆರಡು ಫೋಟೋಗಳಷ್ಟು ಅಂದುಕೊಳ್ಳಿ. ಶುಗಾರ್ಟ್ ಅಲ್ಲಿ ಹಂತಹಂತವಾಗಿ ಮೇಲೇರಿ, ಐಬಿಎಂನ ಡಿಸ್ಕ್ ಉತ್ಪನ್ನಗಳ ಜವಾಬ್ದಾರಿ ಹೊತ್ತ ಮ್ಯಾನೇಜರ್ ಆದರು.

ಅಡುಗೆಮನೆಯ ಚೀಟಿ

ಫ್ಲಾಪಿಯ ಹುಟ್ಟು ತಿಳಿಯಬೇಕಾದರೆ ಮೈಕ್ರೋಕೋಡ್ ಎಂಬ ಪದ ತಿಳಿಯಬೇಕು. ಕೇಳಲು ಭಾರಿ ಪದ, ವಿಷಯ ಸರಳ.

ಒಂದು ಹೋಟೆಲ್ ಇದೆ ಎಂದುಕೊಳ್ಳಿ. ನೀವು ಬಿಸಿಬೇಳೆಬಾತ್ ಎಂದು ಆರ್ಡರ್ ಕೊಡುತ್ತೀರಿ. ಒಳಗೆ ಅಡುಗೆಯವರು ಬೇಳೆ ಬೇಯಿಸಬೇಕು, ಪುಡಿ ಹಾಕಬೇಕು, ಹುಣಸೆರಸ ಹಿಂಡಬೇಕು, ಒಗ್ಗರಣೆ ಕೊಡಬೇಕು. ಈ ಒಳಗಿನ ಹಂತಗಳು ನಿಮಗೆ ಕಾಣುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಂಪ್ಯೂಟರಿನಲ್ಲೂ ಹಾಗೆಯೇ. ಪ್ರೋಗ್ರಾಂ ಎರಡು ಸಂಖ್ಯೆ ಕೂಡಿಸು ಎಂದು ಆರ್ಡರ್ ಕೊಡುತ್ತದೆ. ಒಳಗೆ ಯಾವ ತಂತಿಯಿಂದ ಯಾವ ಜಾಗಕ್ಕೆ ಏನು ಹೋಗಬೇಕು, ಯಾವ ಬಾಗಿಲು ಯಾವಾಗ ತೆರೆಯಬೇಕು ಎನ್ನುವ ಸಣ್ಣ ಸಣ್ಣ ಹಂತಗಳಿವೆ. ಆ ಹಂತಗಳನ್ನು ಬರೆದಿಟ್ಟ ಅಡುಗೆಮನೆಯ ಚೀಟಿಯೇ ಮೈಕ್ರೋಕೋಡ್. ಈ ವಿಚಾರವನ್ನು 1951ರಲ್ಲೇ ಮುಂದಿಟ್ಟವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್.

1964ರಲ್ಲಿ ಐಬಿಎಂ ಸಿಸ್ಟಮ್/360 ಎಂಬ ಕಂಪ್ಯೂಟರುಗಳ ದೊಡ್ಡ ಸಂಸಾರವನ್ನೇ ಘೋಷಿಸಿತು. ಅಗ್ಗದ ಮಾದರಿ, ದುಬಾರಿ ಮಾದರಿ ಎಲ್ಲವೂ ಒಂದೇ ಆರ್ಡರುಗಳನ್ನು ಅರ್ಥಮಾಡಿಕೊಳ್ಳಬೇಕಿತ್ತು. ಸಣ್ಣ ಹೋಟೆಲಿನ ಒಂದೇ ಒಲೆಯಲ್ಲೂ ಅದೇ ಬಿಸಿಬೇಳೆಬಾತ್, ದೊಡ್ಡ ಹೋಟೆಲಿನ ಹತ್ತು ಒಲೆಯಲ್ಲೂ ಅದೇ ಬಿಸಿಬೇಳೆಬಾತ್. ಹೆಚ್ಚಿನ ಮಾದರಿಗಳಲ್ಲಿ ಇದನ್ನು ಸಾಧಿಸಿದ್ದು ಮೈಕ್ರೋಕೋಡ್ ಮೂಲಕವೇ.

ಆದರೆ ಆ ಚೀಟಿ ಗೋಡೆಗೆ ಕೆತ್ತಿದ ಶಾಸನದಂತಿತ್ತು. ಉದಾಹರಣೆಗೆ ಮಾಡೆಲ್ 30ರಲ್ಲಿ ತೂತು ಹೊಡೆದ ವಿಶೇಷ ಪ್ಲಾಸ್ಟಿಕ್ ಕಾರ್ಡುಗಳ ಮೇಲೆ ಮೈಕ್ರೋಕೋಡ್ ಇರುತ್ತಿತ್ತು. ಮಾಡೆಲ್ 40ರಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರುಗಳ ಸಾಲಿನಲ್ಲಿ. ಅದರಲ್ಲಿ ತಪ್ಪೊಂದು ಸಿಕ್ಕಿತೆನ್ನಿ, ಎಂಜಿನಿಯರ್ ಒಬ್ಬರು ಗ್ರಾಹಕರ ಜಾಗಕ್ಕೆ ಹೋಗಿ, ಯಂತ್ರ ನಿಲ್ಲಿಸಿ, ಆ ಭಾಗವನ್ನೇ ಬದಲಾಯಿಸಬೇಕಿತ್ತು. ಊರೂರಿಗೆ ಇದೇ ಕೆಲಸ.

ಅದಕ್ಕೆ ಮುಂದಿನ ಪೀಳಿಗೆಯಾದ ಸಿಸ್ಟಮ್/370ರ ಕೆಲವು ಮಾದರಿಗಳಲ್ಲಿ ಬೇರೆ ದಾರಿ ಹಿಡಿದರು. ಕೆತ್ತಿದ ಕಲ್ಲಿನ ಬದಲು ಅಳಿಸಿ ಬರೆಯಬಹುದಾದ ಮೆಮೊರಿ. ದರ್ಶಿನಿಯ ಬಾಗಿಲಲ್ಲಿ ಇವತ್ತಿನ ತಿಂಡಿ ಎಂದು ಬರೆಯುವ ಕಪ್ಪು ಹಲಗೆ ಇರುತ್ತದಲ್ಲ, ಹಾಗೆ. ತಪ್ಪಿದ್ದರೆ ಅಳಿಸಿ ಸರಿ ಬರೆದರಾಯಿತು.

ಇಲ್ಲೊಂದು ತೊಡಕು ಬಂತು. ಈ ಹೊಸ ಸೆಮಿಕಂಡಕ್ಟರ್ ಮೆಮೊರಿ ಕರೆಂಟ್ ಹೋದರೆ ಎಲ್ಲವನ್ನೂ ಮರೆಯುತ್ತದೆ. ರಾತ್ರಿ ಯಂತ್ರ ಆಫ್ ಮಾಡಿದರೆ ಬೆಳಿಗ್ಗೆ ಹಲಗೆ ಖಾಲಿ. ಆಗ ಕಂಪ್ಯೂಟರಿಗೆ ಎರಡು ಸಂಖ್ಯೆ ಕೂಡಿಸುವುದು ಹೇಗೆಂಬುದೂ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿ ಬಾರಿ ಆನ್ ಮಾಡಿದಾಗಲೂ ಯಾರಾದರೂ ಆ ಹಲಗೆಯ ಮೇಲೆ ಮತ್ತೆ ಬರೆಯಬೇಕು. ಯಾರು ಬರೆಯುವುದು? ಯಾವುದನ್ನು ನೋಡಿ ಬರೆಯುವುದು?

1967: ಒಂದು ಅಗ್ಗದ ವಸ್ತು ಬೇಕಿತ್ತು

ಈ ಪ್ರಶ್ನೆ ಸ್ಯಾನ್ ಹೋಸೆ ಲ್ಯಾಬಿಗೆ 1967ರಲ್ಲಿ ಬಂತು. ಶುಗಾರ್ಟ್ ಅದನ್ನು ಡೇವಿಡ್ ನೋಬಲ್ ಎಂಬ ಎಂಜಿನಿಯರಿಗೆ ಒಪ್ಪಿಸಿದರು. ಬೇಡಿಕೆ ಸ್ಪಷ್ಟವಾಗಿತ್ತು: ಯಂತ್ರ ಶುರುವಾದಾಗ ಮೈಕ್ರೋಕೋಡ್ ತುಂಬಬೇಕು, ನಂಬಿಕೆಗೆ ಅರ್ಹವಾಗಿರಬೇಕು, ಅಗ್ಗವಾಗಿರಬೇಕು, ಹೊಸ ತಿದ್ದುಪಡಿ ಬಂದರೆ ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವಂತಿರಬೇಕು. ಒಂದು ಡಿಸ್ಕಿನ ಬೆಲೆ ಐದು ಡಾಲರಿಗಿಂತ ಕಡಿಮೆ ಇರಬೇಕೆಂಬುದು ಗುರಿ.

ನೋಬಲ್ ಮೊದಲು ಟೇಪ್ ಕಡೆಗೆ ನೋಡಿದರು. ಆ ಕಾಲದ ಟೇಪ್ ಯಂತ್ರ ಬೀರುವಿನಷ್ಟು ದೊಡ್ಡದು, ದುಬಾರಿ. ಬೆಳಿಗ್ಗೆ ಒಮ್ಮೆ ಹಲಗೆ ಬರೆಯಲು ಆನೆ ಸಾಕುವುದೇ? ಟೇಪ್ ಕೈಬಿಟ್ಟು ಅವರ ತಂಡ ಬೇರೆ ದಾರಿಗೆ ಬಂತು: ತೆಳು ಪ್ಲಾಸ್ಟಿಕ್ ಹಾಳೆಗೆ, ಅಂದರೆ ಮೈಲಾರ್‌ಗೆ, ಕಾಂತೀಯ ಲೇಪನ ಬಳಿದು ಎಂಟು ಇಂಚಿನ ದುಂಡನೆಯ ತಟ್ಟೆ ಮಾಡುವುದು. ಹಿಡಿದರೆ ಹಪ್ಪಳದ ಹಿಟ್ಟಿನಂತೆ ಬಳುಕುವ ಈ ಗುಣದಿಂದಲೇ ಮುಂದೆ ಫ್ಲಾಪಿ ಎಂಬ ಹೆಸರು ನಿಂತಿತು.

ಮೊದಲಿಗೆ ಆ ತಟ್ಟೆಗೆ ಹೊದಿಕೆ ಇರಲಿಲ್ಲ. ಧೂಳು ಕೂತು ಓದುವಾಗ ತಪ್ಪಾಗುತ್ತಿತ್ತು. ಕಸದ ಒಂದು ಕಣ ಬಿದ್ದರೂ ಸಾಕಿತ್ತು. ಕೊನೆಗೆ ತಟ್ಟೆಯನ್ನು ಪ್ಲಾಸ್ಟಿಕ್ ಲಕೋಟೆಯೊಳಗೆ ಶಾಶ್ವತವಾಗಿ ಮುಚ್ಚಿ, ಒಳಗೋಡೆಗೆ ಮೆತ್ತನೆಯ ಬಟ್ಟೆಯ ಅಸ್ತರಿ ಹಾಕಿದರು. ತಟ್ಟೆ ತಿರುಗಿದಂತೆಲ್ಲ ಬಟ್ಟೆ ತಾನೇ ಧೂಳು ಒರೆಸುತ್ತದೆ. ಒಂದೇ ಏಟಿಗೆ ಧೂಳಿನ ಕಾಟವೂ ಹೋಯಿತು, ಬರಿಗೈಯಲ್ಲಿ ಹಿಡಿದುಕೊಂಡು ಓಡಾಡುವ ಧೈರ್ಯವೂ ಬಂತು. ನಮ್ಮನ್ನು ಕೇಳಿದರೆ ಇಡೀ ಫ್ಲಾಪಿಯಲ್ಲಿ ನಿಜವಾದ ಜಾಣತನ ಇರುವುದು ಈ ಬಟ್ಟೆಯ ಅಸ್ತರಿಯಲ್ಲೇ.

1971ರಲ್ಲಿ ಇದು ಐಬಿಎಂ ಯಂತ್ರಗಳ ಜೊತೆ ಗ್ರಾಹಕರ ಬಳಿ ಹೋಗಲಾರಂಭಿಸಿತು. ಲ್ಯಾಬಿನೊಳಗೆ ಅದಕ್ಕಿದ್ದ ಗುಟ್ಟಿನ ಹೆಸರು ಮಿನ್ನೋ, ಅಂದರೆ ಪುಟ್ಟ ಮೀನು. ಡಿಸ್ಕಿನಲ್ಲಿ ಹಿಡಿಸುತ್ತಿದ್ದದ್ದು ಸುಮಾರು 80 ಕಿಲೋಬೈಟ್. ನಿಮಗೆ ಬರುವ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಚಿತ್ರ ಎಷ್ಟೋ ಸಲ ಇದಕ್ಕಿಂತ ದೊಡ್ಡದು! ಆದರೆ ಇಡೀ ಕಂಪ್ಯೂಟರಿಗೆ ತಾನು ಯಾರು, ತನ್ನ ಕೆಲಸವೇನು ಎಂದು ಹೇಳಿಕೊಡಲು ಅಷ್ಟೇ ಸಾಕಾಗಿತ್ತು.

ಇಲ್ಲಿ ಓದುಗರಿಗೊಂದು ಅನುಮಾನ ಬರಬಹುದು. ತಲೆ ಖಾಲಿಯಿರುವ ಕಂಪ್ಯೂಟರ್ ಡಿಸ್ಕನ್ನಾದರೂ ಓದುವುದು ಹೇಗೆ? ಇದಕ್ಕೆಂದೇ ಒಂದು ಚಿಕ್ಕ ಸರ್ಕ್ಯೂಟ್ ಇರುತ್ತಿತ್ತು. ಅದಕ್ಕೆ ಮೈಕ್ರೋಕೋಡ್ ಬೇಕಿಲ್ಲ, ತಂತಿಯಲ್ಲೇ ಹೆಣೆದ ಬುದ್ಧಿ. ಡಿಸ್ಕಿನಲ್ಲಿರುವುದನ್ನು ಓದಿ ಮೆಮೊರಿಗೆ ಸಾಗಿಸುವುದು, ಅಷ್ಟೇ ಅದರ ಕೆಲಸ. ಅದು ಮುಗಿದ ಮೇಲೆ ಕಂಪ್ಯೂಟರ್ ಎಚ್ಚರಗೊಂಡು ಆಪರೇಟಿಂಗ್ ಸಿಸ್ಟಮ್ ತುಂಬಿಕೊಳ್ಳಲು ಸಿದ್ಧ. ಡ್ರೈವ್ ಓದಬಲ್ಲದಾಗಿತ್ತೇ ಹೊರತು ಬರೆಯಬಲ್ಲದಾಗಿರಲಿಲ್ಲ, ಯಾಕೆಂದರೆ ಗ್ರಾಹಕರು ಅದರಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ. ಓದುವುದರ ಜೊತೆ ಬರೆಯಲೂ ಬರುವ ಐಬಿಎಂ ಫ್ಲಾಪಿ ಬಂದಿದ್ದು 1973ರಲ್ಲಿ. ಸೇವ್ ಎಂಬ ಪದಕ್ಕೂ ಫ್ಲಾಪಿಗೂ ನಂಟು ಬೆಳೆದದ್ದು ಅಲ್ಲಿಂದ ಮುಂದೆ.

ಈ ಪದ್ಧತಿ ಸತ್ತುಹೋಗಿದೆ ಎಂದುಕೊಳ್ಳಬೇಡಿ. ನಿಮ್ಮ ಲ್ಯಾಪ್‌ಟಾಪಿನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಆನ್ ಆಗುವಾಗ ತಿದ್ದಿದ ಮೈಕ್ರೋಕೋಡನ್ನು ಇಂದಿಗೂ ಹೀಗೇ ತುಂಬಿಕೊಳ್ಳುತ್ತದೆ, ಆಫ್ ಆದಾಗ ಮರೆಯುತ್ತದೆ. 1994ರಲ್ಲಿ ಇಂಟೆಲ್ ಪೆಂಟಿಯಂ ಚಿಪ್ಪಿನಲ್ಲಿ ಭಾಗಾಕಾರದ ತಪ್ಪು ಸಿಕ್ಕಿತ್ತು. ಹೊರಗಿನಿಂದ ತಿದ್ದುವ ದಾರಿಯಿಲ್ಲದೆ ಚಿಪ್ಪುಗಳನ್ನೇ ಬದಲಾಯಿಸಿಕೊಡಬೇಕಾಯಿತು. ಕಂಪನಿ ಅದಕ್ಕಾಗಿ ತೆಗೆದಿಟ್ಟದ್ದು 47.5 ಕೋಟಿ ಡಾಲರ್. 2018ರಲ್ಲಿ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದಾಗ ಪರಿಸ್ಥಿತಿ ಬೇರೆಯಿತ್ತು. ಪರಿಹಾರದ ಒಂದು ಭಾಗ ಮೈಕ್ರೋಕೋಡ್ ಅಪ್‌ಡೇಟ್ ರೂಪದಲ್ಲಿ ಮನೆಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ಮೂಲಕವೇ ಬಂತು.

ಹಾಗಾದರೆ ಹೆಸರು ಯಾರಿಗೆ?

ಈಗ ಮೊದಲ ಫಾರ್ವರ್ಡ್ ಮಾತಿಗೆ ಬರೋಣ. ಕೆಲಸ ಒಪ್ಪಿಸಿದವರು ಶುಗಾರ್ಟ್. ಮಾಡಿಸಿದವರು ನೋಬಲ್. ಫ್ಲಾಪಿಗೆ ಸಂಬಂಧಿಸಿದ ಐಬಿಎಂ ಪೇಟೆಂಟುಗಳು 1972ರಲ್ಲಿ ಸಿಕ್ಕವು. ಅವುಗಳಲ್ಲಿ ಡಿಸ್ಕಿನ ಪೇಟೆಂಟಿನಲ್ಲಿ ಸಂಶೋಧಕರೆಂದು ಇರುವ ಹೆಸರುಗಳು ರಾಲ್ಫ್ ಫ್ಲೋರೆಸ್ ಮತ್ತು ಹರ್ಬರ್ಟ್ ಥಾಂಪ್ಸನ್. ಡಿಸ್ಕ್ ಗ್ರಾಹಕರ ಕೈ ಸೇರುವ ಹೊತ್ತಿಗೆ ಶುಗಾರ್ಟ್ ಐಬಿಎಂನಲ್ಲೇ ಇರಲಿಲ್ಲ. 1969ರಲ್ಲೇ ಬಿಟ್ಟುಹೋಗಿದ್ದರು. ಹಾಗೆಂದು ಅವರಿಗೆ ಪಾಲೇ ಇಲ್ಲ ಎನ್ನುವುದೂ ಅನ್ಯಾಯ. ಇಂಥದೊಂದು ಬೇಕು ಎಂದು ಒಪ್ಪಿ, ಸರಿಯಾದ ಕೈಗೆ ಕೊಟ್ಟು, ಬೆನ್ನಿಗೆ ನಿಂತವರು ಅವರು. ಆದರೆ ಒಬ್ಬರೇ ಕಂಡುಹಿಡಿದರು ಎಂದು ಬರೆದಾಗ ಧೂಳಿನ ಜೊತೆ ವರ್ಷಗಟ್ಟಲೆ ಗುದ್ದಾಡಿದ ಉಳಿದವರ ಹೆಸರು ಒರೆಸಿಹೋಗುತ್ತದೆ. ನಮಗೆ ತಕರಾರಿರುವುದು ಅದಕ್ಕೆ.

ಫ್ಲಾಪಿಯನ್ನು 1952ರಲ್ಲೇ ಜಪಾನಿನವರೊಬ್ಬರು ಕಂಡುಹಿಡಿದಿದ್ದರು ಎಂಬ ಸಂದೇಶವೂ ಓಡಾಡುತ್ತದೆ. ಅದರಲ್ಲಿ ಹೇಳುವ ಪೇಟೆಂಟ್ ಕಾಗದದ ಮೇಲೆ ಧ್ವನಿ ಮುದ್ರಿಸುವುದಕ್ಕೆ ಸಂಬಂಧಿಸಿದ್ದು. ಕಾಂತೀಯ ಲೇಪನದ, ಬಳುಕುವ, ಲಕೋಟೆಯೊಳಗಿನ ಡಿಸ್ಕಿಗೂ ಅದಕ್ಕೂ ತಾಳೆಯಾಗುವುದಿಲ್ಲ.

ತನ್ನ ಹೆಸರಿನ ಕಂಪನಿಯಿಂದಲೇ ಹೊರಗೆ

ಐಬಿಎಂ ಬಿಟ್ಟ ಶುಗಾರ್ಟ್ ಮೆಮೊರೆಕ್ಸ್ ಕಂಪನಿ ಸೇರಿದರು. ಅವರ ಹಿಂದೆ ಐಬಿಎಂನ ಎಂಜಿನಿಯರುಗಳ ದೊಡ್ಡ ಗುಂಪೇ ಹೊರಟುಬಂತು. ಅವರ ಜೊತೆ ಕೆಲಸ ಮಾಡಿದವರಿಗೆ ಅವರ ಮೇಲಿದ್ದ ನಂಬಿಕೆ ಅಂಥದ್ದು. 1973ರಲ್ಲಿ ಅದನ್ನೂ ಬಿಟ್ಟು ಶುಗಾರ್ಟ್ ಅಸೋಸಿಯೇಟ್ಸ್ ಎಂದು ಸ್ವಂತ ಕಂಪನಿ ಕಟ್ಟಿದರು.

ಅವರ ಕನಸು ಬರೀ ಫ್ಲಾಪಿ ಮಾರುವುದಾಗಿರಲಿಲ್ಲ. ಸಣ್ಣ ವ್ಯಾಪಾರಸ್ಥರಿಗೆ ಬೇಕಾದ ಇಡೀ ಕಂಪ್ಯೂಟರ್ ವ್ಯವಸ್ಥೆಯನ್ನು, ಪ್ರಿಂಟರೂ ಸೇರಿಸಿ, ತಾವೇ ತಯಾರಿಸಬೇಕೆಂದಿದ್ದರು. ಹಣ ಖಾಲಿಯಾಯಿತು, ಮಾರಲು ವಸ್ತು ತಯಾರಾಗಲಿಲ್ಲ. ಹಣ ಹಾಕಿದವರು ಫ್ಲಾಪಿ ಡ್ರೈವ್ ಒಂದನ್ನೇ ಹಿಡಿಯೋಣ ಎಂದರು, ಇವರು ಒಪ್ಪಲಿಲ್ಲ. 1974ರಲ್ಲಿ ತಮ್ಮದೇ ಹೆಸರಿನ ಕಂಪನಿಯಿಂದ ಹೊರಬಿದ್ದರು. ಕಂಪನಿಯ ಕಾಗದದಲ್ಲಿ ರಾಜೀನಾಮೆ ಎಂದಿದೆ. ತಮ್ಮನ್ನು ಕೆಲಸದಿಂದ ತೆಗೆದರು ಎಂದೇ ಶುಗಾರ್ಟ್ ಕೊನೆಯವರೆಗೂ ಹೇಳುತ್ತಿದ್ದರು.

ಇನ್ನು ನ್ಯಾಪ್ಕಿನ್ ಕಥೆ. ಎಂಟು ಇಂಚಿನ ಡ್ರೈವ್ ಮೇಜಿನ ಮೇಲಿಡುವ ಯಂತ್ರಗಳಿಗೆ ದೊಡ್ಡದಾಯಿತು ಎಂದು ವಾಂಗ್ ಲ್ಯಾಬೊರೇಟರೀಸ್ ಹೇಳಿತು. ಆಗ ಶುಗಾರ್ಟ್ ಅಸೋಸಿಯೇಟ್ಸ್ ತಯಾರಿಸಿದ್ದೇ 5.25 ಇಂಚಿನ ಡಿಸ್ಕಿನ ಡ್ರೈವ್, ಹೆಸರು ಎಸ್‌ಎ-400. ಬಾರಿನಲ್ಲಿ ಮಾತಾಡುವಾಗ ಅಲ್ಲಿದ್ದ ನ್ಯಾಪ್ಕಿನ್ ತೋರಿಸಿ ಇಷ್ಟು ಸಾಕು ಎಂದರೆಂಬ ಕಥೆ ಇದರದ್ದು. ಕಥೆ ನಿಜವೇ ಇರಲಿ, ಬಣ್ಣ ಹಚ್ಚಿದ್ದೇ ಇರಲಿ, ಡ್ರೈವ್ ಬಂದದ್ದು 1976ರಲ್ಲಿ. ಶುಗಾರ್ಟ್ ಹೊರಹೋಗಿ ಆಗಲೇ ಎರಡು ವರ್ಷ! ಅವರ ಹೆಸರು ಕಂಪನಿಯ ಬೋರ್ಡಿನ ಮೇಲಿತ್ತು, ಅವರು ಅಲ್ಲಿರಲಿಲ್ಲ. ಫಾರ್ವರ್ಡ್ ಬರೆದವರು ಎಡವಿದ್ದು ಬಹುಶಃ ಇಲ್ಲೇ. ಆಪಲ್ ಕಂಪನಿ 1978ರಲ್ಲಿ ತಂದ ಡಿಸ್ಕ್-2 ಡ್ರೈವಿನ ಒಳಗಿದ್ದದ್ದೂ ಈ ಕಂಪನಿಯದೇ ಯಂತ್ರಭಾಗ. ಆ ವ್ಯಾಪಾರದ ಲಾಭದಲ್ಲಿ ಅವರದೇನೂ ಇರಲಿಲ್ಲ.

ಅವರಾದರೂ ಆ ವರ್ಷಗಳಲ್ಲಿ ಏನು ಮಾಡುತ್ತಿದ್ದರು? ಸಾಂತಾಕ್ರೂಜ್ ಎಂಬ ಕಡಲೂರಿನಲ್ಲಿ ಗೆಳೆಯರ ಜೊತೆ ಸೇರಿ ಬಾರ್ ನಡೆಸಿದರು. ದೋಣಿಯೊಂದನ್ನು ಕೊಂಡು ಸಾಲ್ಮನ್ ಮೀನು ಹಿಡಿಯಲು ಹೋದರು. ನಡುನಡುವೆ ಸಲಹೆಗಾರರಾಗಿ ಒಂದಿಷ್ಟು ಕೆಲಸ. ಐಬಿಎಂನಂಥ ಕಡೆ ಅಷ್ಟು ಎತ್ತರದಲ್ಲಿದ್ದವರು ನಲವತ್ತೈದರ ಆಸುಪಾಸಿನಲ್ಲಿ ಬಲೆ ಹಿಡಿದು ಕಡಲಿಗಿಳಿದದ್ದು ನೋಡಿದವರಿಗೆ ಇವರ ಕಥೆ ಇಲ್ಲಿಗೆ ಮುಗಿಯಿತು ಎನಿಸಿದ್ದರೆ ಆಶ್ಚರ್ಯವಿಲ್ಲ.

ಎರಡನೇ ಇನ್ನಿಂಗ್ಸ್

1979ರಲ್ಲಿ ಫಿನಿಸ್ ಕಾನರ್ ಎಂಬವರು ಒಂದು ವಿಚಾರ ಹಿಡಿದು ಬಂದರು. 5.25 ಇಂಚಿನ ಫ್ಲಾಪಿ ಡ್ರೈವ್ ಕೂರುವ ಅದೇ ಗೂಡಿನಲ್ಲಿ ಹಾರ್ಡ್ ಡಿಸ್ಕನ್ನೇ ಕೂರಿಸಿದರೆ ಹೇಗೆ? ಇಬ್ಬರೂ ಇನ್ನೂ ಕೆಲವರೊಡನೆ ಸೇರಿ ಕಂಪನಿ ಶುರುಮಾಡಿದರು. ಇಟ್ಟ ಹೆಸರು ಶುಗಾರ್ಟ್ ಟೆಕ್ನಾಲಜಿ. ಆದರೆ ಹಳೆಯ ಶುಗಾರ್ಟ್ ಅಸೋಸಿಯೇಟ್ಸ್ ಅಷ್ಟರಲ್ಲಿ ಜೆರಾಕ್ಸ್ ಪಾಲಾಗಿತ್ತು. ಹೆಸರಿಗೆ ಹೆಸರು ತಾಕುತ್ತದೆಂದು ಇವರು ತಮ್ಮದನ್ನು ಬದಲಾಯಿಸಬೇಕಾಯಿತು. ಹೀಗೆ ತಮ್ಮ ಹೆಸರನ್ನೇ ಬಿಟ್ಟುಕೊಟ್ಟು ಇಟ್ಟ ಹೊಸ ಹೆಸರು ಸೀಗೇಟ್. ಹಾರ್ಡ್ ಡಿಸ್ಕ್ ಕೊಂಡವರಿಗೆ ಪರಿಚಯವಿರುವ ಅದೇ ಸೀಗೇಟ್.

1980ರಲ್ಲಿ ಬಂದ ಅವರ ಮೊದಲ ಡಿಸ್ಕ್ ಎಸ್‌ಟಿ-506ರಲ್ಲಿ 5 ಮೆಗಾಬೈಟ್ ಜಾಗವಿತ್ತು. ಬೀರುವಿನಷ್ಟಿದ್ದ ರಾಮ್ಯಾಕ್ ಹಿಡಿಸುತ್ತಿದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ, ಅದೂ ಒಂದು ದಪ್ಪ ಪುಸ್ತಕದ ಗಾತ್ರದಲ್ಲಿ, 24 ವರ್ಷಗಳ ನಂತರ. ಐಬಿಎಂ 1983ರಲ್ಲಿ ಹಾರ್ಡ್ ಡಿಸ್ಕ್ ಸಮೇತ ಪಿಸಿ ಎಕ್ಸ್‌ಟಿ ತಂದಾಗ ಅದರೊಳಗೆ ಸೀಗೇಟ್‌ನ 10 ಮೆಗಾಬೈಟ್ ಡಿಸ್ಕ್ ಕೂತಿತ್ತು. ಅಂದು ರಿಪೇರಿ ಕೆಲಸಕ್ಕೆ ಸೇರಿಸಿಕೊಂಡಿದ್ದ ಕಂಪನಿ ಇಂದು ಅವರ ಗ್ರಾಹಕ! ಅಂದಹಾಗೆ, ವಿಂಡೋಸ್‌ನಲ್ಲಿ ಹಾರ್ಡ್ ಡಿಸ್ಕ್ ಸಿ ಡ್ರೈವ್‌ನಿಂದ ಶುರುವಾಗುವುದು ಆ ಕಾಲದ ಗುರುತು. ಎ ಮತ್ತು ಬಿ ಎರಡನ್ನೂ ಫ್ಲಾಪಿಗಳಿಗೆ ಮೊದಲೇ ಬಿಟ್ಟುಕೊಡಲಾಗಿತ್ತು.

ಸೀಗೇಟ್ ಬೆಳೆದು ಜಗತ್ತಿನ ಅತಿ ದೊಡ್ಡ ಡಿಸ್ಕ್ ಕಂಪನಿಗಳಲ್ಲಿ ಒಂದಾಯಿತು. ಶುಗಾರ್ಟ್ ಮಾತ್ರ ದೊಡ್ಡ ಕಂಪನಿಯ ಮುಖ್ಯಸ್ಥರ ಗತ್ತಿಗೆ ಹೊಂದಿಕೊಳ್ಳಲೇ ಇಲ್ಲ. ಸೂಟು-ಬೂಟಿಗಿಂತ ಹೂವಿನ ಚಿತ್ತಾರದ ಹವಾಯಿ ಅಂಗಿ ಅವರಿಗೆ ಇಷ್ಟ. 1996ರಲ್ಲಿ ತಮ್ಮ ನಾಯಿ ಅರ್ನೆಸ್ಟ್‌ನನ್ನು ಅಮೆರಿಕದ ಸಂಸತ್ತಿನ ಚುನಾವಣೆಗೆ ನಿಲ್ಲಿಸಲು ಹೊರಟರು. ಇದೂ ಫಾರ್ವರ್ಡ್ ಕಥೆಯಿರಬೇಕು ಎನಿಸಬಹುದು. ಅಲ್ಲ, ಇದು ನಿಜ. ನಾಯಿಯ ಹೆಸರು ಮತಪತ್ರದಲ್ಲಿ ಬರಲಿಲ್ಲ. ರಾಜಕಾರಣಿಗಳ ಬಗ್ಗೆ ಅವರಿಗಿದ್ದ ಬೇಸರ ಹಾಗೆ ಹೊರಬಿತ್ತು, ಅದರ ಮೇಲೊಂದು ಪುಸ್ತಕವನ್ನೂ ಬರೆದರು. 2000ನೇ ಇಸವಿಯಲ್ಲಿ, ಮತದಾರರಿಗೆ ಯಾರೂ ಬೇಡ ಎನ್ನುವ ಆಯ್ಕೆ ಇರಬೇಕೆಂಬ ಕ್ಯಾಲಿಫೋರ್ನಿಯಾದ ಜನಮತ ಪ್ರಸ್ತಾವಕ್ಕೆ ಬೆಂಬಲವಾಗಿ ನಿಂತರು. ನಮ್ಮಲ್ಲಿ 2013ರಿಂದ ಇರುವ ನೋಟಾ ಇದೇ ಬಗೆಯದು. ಅಲ್ಲಿನ ಮತದಾರರು ಅದನ್ನು ತಿರಸ್ಕರಿಸಿದರು.

ಅದಕ್ಕೆ ಮೊದಲೇ, 1998ರಲ್ಲಿ, ಸೀಗೇಟ್‌ನ ಆಡಳಿತ ಮಂಡಳಿ ಅವರನ್ನು ಮುಖ್ಯಸ್ಥರ ಸ್ಥಾನದಿಂದ ಇಳಿಸಿತ್ತು. ಕಟ್ಟಿದ ಎರಡನೇ ಕಂಪನಿಯಿಂದಲೂ ಹೊರಗೆ. ಅವರಿಗಾಗ 67 ವರ್ಷ. ಈ ಸಲ ಮೀನು ಹಿಡಿಯಲು ಹೋಗಲಿಲ್ಲ. ಅಲ್ ಶುಗಾರ್ಟ್ ಇಂಟರ್‌ನ್ಯಾಷನಲ್ ಎಂದು ಮತ್ತೆ ತಮ್ಮದೇ ಹೆಸರಿಟ್ಟು, ಹೊಸದಾಗಿ ಕಂಪನಿ ಕಟ್ಟುವವರಿಗೆ ನೆರವಾಗುವ ಸಂಸ್ಥೆ ಶುರುಮಾಡಿದರು.

2006ರ ಡಿಸೆಂಬರ್ 12ರಂದು, ಹೃದಯದ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ನಂತರ, ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಶುಗಾರ್ಟ್ ತೀರಿಕೊಂಡರು. ವಯಸ್ಸು 76. ಸೇವ್ ಬಟನ್ನಿನ ಮೇಲಿರುವ, ಗಟ್ಟಿ ಹೊದಿಕೆಯ 3.5 ಇಂಚಿನ ಫ್ಲಾಪಿ ಐಬಿಎಂನದ್ದೂ ಅಲ್ಲ, ಶುಗಾರ್ಟ್ ಕಂಪನಿಯದ್ದೂ ಅಲ್ಲ. ಅದು ಸೋನಿ ತಂದದ್ದು, 2011ರಲ್ಲಿ ಸೋನಿಯೇ ಅದರ ಮಾರಾಟ ನಿಲ್ಲಿಸಿತು. ಎಂಟು ಇಂಚಿನ ಅಜ್ಜ ಫ್ಲಾಪಿ ಮಾತ್ರ ಅದಕ್ಕಿಂತ ಹೆಚ್ಚು ಬಾಳಿತು. ಅಮೆರಿಕದ ಅಣ್ವಸ್ತ್ರ ಪಡೆಗಳಿಗೆ ಆದೇಶ ಮುಟ್ಟಿಸುವ ವ್ಯವಸ್ಥೆಯಲ್ಲಿ ಅದು 2019ರವರೆಗೂ ಕೆಲಸ ಮಾಡುತ್ತಿತ್ತು. ಈಗಲೂ ಬಳಸುತ್ತಿದ್ದಾರೆ ಎನ್ನುವ ಮೆಸೇಜ್ ಬಂದರೆ, ಅದು ಹಳೆಯದು.